ಗಾಳಿ ಮಂದವಾದ ರಾತ್ರಿ

ಹೊತ್ತು ಮುಳುಗಿದ ಮೇಲೆ ದೇವನಹಳ್ಳಿಯ ಆಕಾಶದಲ್ಲಿ ಎರಡು ಬಗೆಯ ಹಾರಾಟ. ಮೇಲೆ ವಿಮಾನಗಳ ದೀಪ, ಕೆಳಗೆ ಬಾವಲಿ. ಹಗಲೆಲ್ಲ ಮರದಲ್ಲಿ ತಲೆಕೆಳಗಾಗಿ ಜೋತು, ಬಿಸಿಲಿಗೆ ರೆಕ್ಕೆ ಬೀಸಿಕೊಂಡು, ಪಕ್ಕದವುಗಳೊಡನೆ ಕಿಚಿಪಿಚಿ ಜಗಳವಾಡಿದ ದೊಡ್ಡ ಬಾವಲಿಗಳು ಒಂದೊಂದಾಗಿ ಕೊಂಬೆ ಬಿಡುತ್ತವೆ. ಬಿಚ್ಚಿದ ರೆಕ್ಕೆ ಸುಮಾರು ನಾಲ್ಕಡಿ ಅಗಲ. ದ್ರಾಕ್ಷಿ ತೋಟದವರು ಬಲೆ ಎಳೆದಿರುತ್ತಾರೆ. ಅವು ಆಲ, ಅತ್ತಿ ಹುಡುಕಿಕೊಂಡು ಹೋಗಿ ದಾರಿಯುದ್ದಕ್ಕೂ ಬೀಜ ಉದುರಿಸುತ್ತವೆ. ಅದೇ ಹೊತ್ತಿಗೆ ಬಂಡೆಯ ಸೀಳುಗಳಿಂದ, ಹಳೇ ಗುಡಿಗಳ ಕತ್ತಲಿನಿಂದ ಪುಟ್ಟ ಬಾವಲಿಗಳು ಹೊರಬಿದ್ದು ರಾಗಿ ಹೊಲದ ಮೇಲೆ, ಕೆರೆ ಏರಿಯ ಮೇಲೆ ಹುಳು ಹಿಡಿಯತೊಡಗುತ್ತವೆ. ಕೂಲಿ ಕೇಳದ ಈ ಕೆಲಸಗಾರರಲ್ಲಿ ಹಣ್ಣು ತಿನ್ನುವವನ್ನು ನಮ್ಮ ವನ್ಯಜೀವಿ ಕಾಯ್ದೆ 2022ರ ತಿದ್ದುಪಡಿಯವರೆಗೂ ಇಲಿ, ಕಾಗೆಗಳ ಜೊತೆ ಪೀಡೆಯ ಪಟ್ಟಿಯಲ್ಲಿಟ್ಟಿತ್ತು!

ದೇವನಹಳ್ಳಿಯಿಂದ ನೆಲಮಂಗಲಕ್ಕೆ ಬಂದು ಪುಣೆ ಹೆದ್ದಾರಿ ಹಿಡಿದರೆ ತುಮಕೂರು, ಶಿರಾ, ಹಿರಿಯೂರು. ಚಿತ್ರದುರ್ಗ ಸಮೀಪಿಸಿದಂತೆ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳ ಸಾಲು. ದೂರಕ್ಕೆ ಆಲಸ್ಯದಿಂದ ತಿರುಗುವಂತೆ ಕಂಡರೂ ಪೂರ್ಣ ವೇಗದಲ್ಲಿ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ಮೀರಿ ಓಡುತ್ತದೆ. ಎತ್ತರದ ಬಯಲು ಗಾಳಿಯಲ್ಲಿ ಬೇಟೆಯಾಡುವ ಬಾವಲಿಗೆ ಅದೇ ಮೃತ್ಯು.

ಆದರೆ ಈ ಸಾವಿಗೂ ಒಂದು ಹೊತ್ತಿದೆ. ಗಾಳಿ ಬಿರುಸಾದಾಗ ಹುಳುವೂ ಏಳದು, ಬಾವಲಿಯೂ ಹೆಚ್ಚು ಹಾರದು. ಅವು ಸಾಯುವುದು ಬಹುತೇಕ ಗಾಳಿ ಮಂದವಾದ ರಾತ್ರಿಗಳಲ್ಲಿ, ಯಂತ್ರದಿಂದ ವಿದ್ಯುತ್ತೂ ಅಷ್ಟಕ್ಕಷ್ಟೇ ಇರುವಾಗ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2008 ಮತ್ತು 2009ರಲ್ಲಿ ಇದನ್ನೇ ಪರೀಕ್ಷಿಸಿದರು. ಸೆಕೆಂಡಿಗೆ 3.5 ಮೀಟರ್ ಗಾಳಿಗೇ ಉತ್ಪಾದನೆ ಶುರುಮಾಡುತ್ತಿದ್ದ ಯಂತ್ರಗಳನ್ನು 5 ಅಥವಾ 6.5 ಮೀಟರ್ ಮುಟ್ಟುವವರೆಗೆ ತಡೆದರು. ಸಾವು ಶೇ 44ರಿಂದ 93ರಷ್ಟು ಇಳಿಯಿತು. ವರ್ಷದ ವಿದ್ಯುತ್ತಿನಲ್ಲಿ ಲೆಕ್ಕ ಹಾಕಿದ ನಷ್ಟ ಶೇ 1ರೊಳಗೆ.

ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಸತ್ತಷ್ಟು ಬೇಗ ಹುಟ್ಟಿ ತುಂಬಿಕೊಳ್ಳುವ ಸಂತತಿಯಲ್ಲ. ಹರಪನಹಳ್ಳಿಯ ಗಾಳಿಯಂತ್ರಗಳ ಕೆಳಗೆ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ವಿಜ್ಞಾನಿಗಳು ಹಕ್ಕಿಗಳ ಕಳೇಬರ ಹುಡುಕಿ ದಾಖಲಿಸಿದ್ದಾರೆ. ಅಂಥ ಹುಡುಕಾಟ ಬಾವಲಿಗಳಿಗಾಗಿ ಚಿತ್ರದುರ್ಗ, ಗದಗದ ಗುಡ್ಡಗಳಲ್ಲೂ ವರ್ಷಪೂರ್ತಿ ನಡೆಯಬೇಕು. ಬೆರಳುದ್ದದ ದೇಹವನ್ನು ನಾಯಿ, ಕಾಗೆ ಎತ್ತಿಕೊಂಡು ಹೋಗುವ ಮುನ್ನ, ಬೆಳಕು ಹರಿಯುವಾಗಲೇ ಕಂಬದ ಬುಡಕ್ಕೆ ಜನ ಹೋಗಬೇಕು. ಮಂದಗಾಳಿಯ ರಾತ್ರಿ ಯಂತ್ರ ತಡೆಯುವ ಷರತ್ತನ್ನು ಹೊಸ ಪರವಾನಗಿಗಳಲ್ಲೇ ಬರೆಯಬೇಕು.