ಜಾಜ್‌ಮಾಸ್ಟರ್, ಜಾಗ್ವಾರ್: ನೋಡೋಕೆ ಅಣ್ಣ-ತಮ್ಮ, ಕೈಗೆ ಬೇರೆ ಬೇರೆ

ಹೋದ ವರ್ಷ ಪುಣೆಯ ಒಂದು ಅಂಗಡಿಯಲ್ಲಿ ಎರಡು ಫೆಂಡರ್ ಗಿಟಾರ್ ಪಕ್ಕಪಕ್ಕ ನೇತುಹಾಕಿದ್ದರು. ಒಂದು ಜಾಜ್‌ಮಾಸ್ಟರ್, ಇನ್ನೊಂದು ಜಾಗ್ವಾರ್. ಎರಡೂ ಅರವತ್ತರ ದಶಕದ ಅಳತೆಯಲ್ಲೇ ಮತ್ತೆ ಮಾಡಿದ ರೀಇಶ್ಯೂಗಳು. ಅಂಗಡಿಯವರು, ಎರಡೂ ಒಂದೇ, ಜಾಗ್ವಾರ್‌ನಲ್ಲಿ ಸ್ವಿಚ್ ಜಾಸ್ತಿ ಅಷ್ಟೇ ಅಂದರು. ನಂಬಿ ಜಾಜ್‌ಮಾಸ್ಟರ್ ತಂದೆ. ಎರಡೇ ತಿಂಗಳಿಗೆ ನಷ್ಟಕ್ಕೆ ಮಾರಿ ಜಾಗ್ವಾರ್ ತಗೊಂಡೆ. ಯಾಕೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಸ್ವಲ್ಪ ಇತಿಹಾಸ. ಜಾಜ್‌ಮಾಸ್ಟರ್ ಬಂದಿದ್ದು 1958ರಲ್ಲಿ. ಹೆಸರೇ ಹೇಳೋ ಹಾಗೆ ಜಾಜ್ ನುಡಿಸುವವರಿಗೆ ಅಂತ ಮಾಡಿದ್ದು. ಅವರು ಅಷ್ಟಾಗಿ ಮುಟ್ಟಲಿಲ್ಲ, ಕ್ಯಾಲಿಫೋರ್ನಿಯಾದ ಸರ್ಫ್ ಸಂಗೀತದ ಹುಡುಗರು ಎತ್ತಿಕೊಂಡರು. 1962ರಲ್ಲಿ ಅದೇ ಓರೆ ಆಕಾರದಲ್ಲಿ ಜಾಗ್ವಾರ್ ಬಂತು. ಮುಂದೆ ಬೇಡಿಕೆ ಬಿತ್ತು. ಜಾಗ್ವಾರ್ 1975ರಲ್ಲಿ, ಜಾಜ್‌ಮಾಸ್ಟರ್ 1980ರಲ್ಲಿ ನಿಂತುಹೋಯಿತು. ಆಮೇಲೆ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದ್ದರಿಂದಲೇ ಜೆ. ಮ್ಯಾಸ್ಕಿಸ್ ಕೈಗೆ ಜಾಜ್‌ಮಾಸ್ಟರ್, ಕರ್ಟ್ ಕೊಬೇನ್ ಥರದವರ ಕೈಗೆ ಜಾಗ್ವಾರ್ ಬಂದಿದ್ದು.

ಈಗ ಮುಖ್ಯ ವ್ಯತ್ಯಾಸ: ಸ್ಕೇಲ್ ಲೆಂತ್, ಅಂದರೆ ನಟ್‌ನಿಂದ ಬ್ರಿಜ್‌ವರೆಗೆ ತಂತಿ ಮಿಡಿಯುವ ಉದ್ದ. ಜಾಜ್‌ಮಾಸ್ಟರ್‌ನಲ್ಲಿ 25.5 ಇಂಚು, ಜಾಗ್ವಾರ್‌ನಲ್ಲಿ 24. ಒಂದೂವರೆ ಇಂಚು ಏನು ಮಹಾ ಅನ್ನಬೇಡಿ. ಅದೇ ತಂತಿ, ಅದೇ ಶ್ರುತಿ ಇದ್ದರೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ಲೆಕ್ಕ ಹಾಕಿ: 24 ಭಾಗಿಸು 25.5, ಅದರ ವರ್ಗ ಸುಮಾರು 0.89. ಅಂದರೆ ಜಾಗ್ವಾರ್ ತಂತಿ ಶೇ. 11ರಷ್ಟು ಸಡಿಲ. ಫ್ರೆಟ್‌ಗಳೂ ಹತ್ತಿರ ಹತ್ತಿರ. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟಿ ಬರುವ ನನ್ನ ಎಡಗೈ ಮಣಿಕಟ್ಟಿಗೆ ಜಾಜ್‌ಮಾಸ್ಟರ್‌ನಲ್ಲಿ ಬಾರ್ ಕಾರ್ಡ್ ಹಿಡಿದರೆ ನೋವು. ಜಾಗ್ವಾರ್‌ನಲ್ಲಿ ಅರ್ಧ ಗಂಟೆ ಆರಾಮಾಗಿ ನುಡಿಸ್ತೀನಿ.

ದನಿಯೂ ಬೇರೆ. ಜಾಜ್‌ಮಾಸ್ಟರ್ ಪಿಕಪ್‌ನ ಕಾಯಿಲ್ ಅಗಲ, ಚಪ್ಪಟೆ. ದನಿ ತುಂಬಿಕೊಂಡು ಬರುತ್ತೆ. ಜಾಗ್ವಾರ್‌ನದು ಕಿರಿದು, ಸುತ್ತ ಹಲ್ಲಿನಂಥ ಲೋಹದ ಪಟ್ಟಿ. ದನಿ ಚುರುಕು, ತೆಳು. ಕೆಳಗಿರುವ ಮೂರು ಸ್ವಿಚ್‌ಗಳಲ್ಲಿ ಎರಡು ಪಿಕಪ್ ಆನ್-ಆಫ್ ಮಾಡೋಕೆ, ಮೂರನೆಯದು ಬೇಸ್ ಇನ್ನೂ ಕಡಿಮೆ ಮಾಡೋಕೆ.

ಎರಡಕ್ಕೂ ಒಂದೇ ಕಾಟ: ತೆಳು ತಂತಿ ಹಾಕಿ ಜೋರಾಗಿ ಮೀಟಿದರೆ ತಂತಿ ಬ್ರಿಜ್‌ನಿಂದ ಜಾರುತ್ತೆ. ಇವನ್ನು ರೂಪಿಸಿದ್ದು ಆ ಕಾಲದ ದಪ್ಪ ತಂತಿಗೆ. 11ರ ಸೆಟ್ ಹಾಕಿದರೆ ಸಾಕಷ್ಟು ಸರಿಹೋಗುತ್ತೆ. ಜಾಗ್ವಾರ್ ತಂತಿ ಮೊದಲೇ ಸಡಿಲ, ಹಾಗಾಗಿ ದಪ್ಪ ತಂತಿ ಹಾಕಿದರೂ ಕೈಗೆ ಭಾರ ಅನ್ನಿಸಲ್ಲ.

ಕೊಳ್ಳೋಕೆ ಹೋದಾಗ ಜೇಬಲ್ಲೊಂದು ಟೇಪ್ ಇರಲಿ. ನಟ್‌ನಿಂದ 12ನೇ ಫ್ರೆಟ್‌ಗೆ 12 ಇಂಚು ಬಂದರೆ ಜಾಗ್ವಾರ್, 12.75 ಬಂದರೆ ಜಾಜ್‌ಮಾಸ್ಟರ್. ಟೇಪ್ ಇಲ್ಲವಾ? ಫ್ರೆಟ್ ಎಣಿಸಿ: ಹಳೇ ಅಳತೆಯಲ್ಲಿ ಜಾಗ್ವಾರ್‌ಗೆ 22, ಜಾಜ್‌ಮಾಸ್ಟರ್‌ಗೆ 21. ಆಮೇಲೆ ಕೂತು ಹತ್ತು ನಿಮಿಷ ಬಾರ್ ಕಾರ್ಡ್ ಹಿಡಿದು ನೋಡಿ.

ನಿಜ ಹೇಳಬೇಕಂದ್ರೆ, ಮಾರಿದ ಆ ಜಾಜ್‌ಮಾಸ್ಟರ್ ದನಿ ಈಗಲೂ ನೆನಪಾಗುತ್ತೆ. ಆದರೆ ದಿನಾ ಕೈಗೆತ್ತಿಕೊಳ್ಳೋದು ಜಾಗ್ವಾರ್‌ನ್ನೇ. ನಿಮ್ಮ ಕೈ ಏನು ಹೇಳುತ್ತೆ, ಕಾಮೆಂಟ್‌ನಲ್ಲಿ ತಿಳಿಸಿ. ಮತ್ತೆ ಸಿಗೋಣ.