ಕನ್ನಡಕವೂ ಗಣಕದ ತೆರೆಯೂ

ಮಿತ್ರರೊಬ್ಬರ ಪುಸ್ತಕದ ಕರಡನ್ನು ತಿದ್ದಿಕೊಡುವ ಹೊಣೆಯನ್ನು ಹೊತ್ತಿದ್ದೆ. ಕರಡು ಬಂದದ್ದು ಕಾಗದದ ಮೇಲಲ್ಲ, ಗಣಕದ ಮಾನಿಟರಿನ ತೆರೆಯ ಮೇಲೆ. ಅಚ್ಚಾದ ಪುಸ್ತಕ ಕೈಗೆ ಬಂದಾಗ ನೋಡುತ್ತೇನೆ: ‘ಧನಸಂಗ್ರಹ’ವು ‘ದನಸಂಗ್ರಹ’ವಾಗಿದೆ! ಮಿತ್ರರು ನಕ್ಕು ಸುಮ್ಮನಾದರು; ನನಗೆ ಆ ನಗೆಯೇ ಚುಚ್ಚಿತು. ತಪ್ಪು ಕಣ್ಣಿನದೋ, ಕನ್ನಡಕದ್ದೋ, ತೆರೆಯದೋ?

ವಿಚಾರಿಸಿದರೆ ಮೂರಕ್ಕೂ ಪಾಲಿತ್ತು. ವಯಸ್ಸು ನಲವತ್ತರ ಆಸುಪಾಸಿಗೆ ಬಂದಾಗ ಕಣ್ಣಿನೊಳಗಿನ ಮಸೂರವು ಬಿಗಿದುಕೊಂಡು ಹತ್ತಿರದ ನೋಟ ಮಂಕಾಗುತ್ತದೆ. ಅದನ್ನೇ ಹಿರಿಯರು ‘ಚಾಳೀಸು’ ಎಂದರು. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಸುಮಾರು 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆಂದು ಕೊಡುತ್ತಾರೆ. ತೆರೆಯಾದರೋ ಮೇಜಿನ ಮೇಲೆ 60 ಸೆಂಟಿಮೀಟರ್ ಆಚೆ ನಿಂತಿರುತ್ತದೆ. ಬೈಫೋಕಲ್ ಧರಿಸಿದವರ ಪಾಡು ಇನ್ನೂ ಕಷ್ಟ. ಓದುವ ಭಾಗ ಕೆಳಗಿರುವುದರಿಂದ ಗದ್ದವನ್ನು ಮೇಲೆತ್ತಿ ಓದಬೇಕು. ಸಂಜೆಯ ಹೊತ್ತಿಗೆ ಕತ್ತು ನೋಯುತ್ತದೆ. 1784ರಲ್ಲಿ ತನ್ನ ಜೋಡಿ ಮಸೂರದ ಕನ್ನಡಕವನ್ನು ಮಿತ್ರನಿಗೆ ಬರೆದ ಪತ್ರದಲ್ಲಿ ಮೆಚ್ಚಿಕೊಂಡ ಬೆಂಜಮಿನ್ ಫ್ರಾಂಕ್ಲಿನ್, ಮುಂದೊಂದು ದಿನ ಓದುವ ಪುಟವೇ ಎದ್ದು ನಿಲ್ಲುವುದೆಂದು ಎಣಿಸಿರಲಾರ.

ಇನ್ನು ತೆರೆಯ ಮಾತು. ಅಲ್ಲಿಯ ಅಕ್ಷರಗಳೆಲ್ಲ ಚುಕ್ಕಿಗಳಿಂದಾದವು. ಅಡ್ಡಸಾಲಿಗೆ 1920 ಚುಕ್ಕಿಗಳಿರುವ 24 ಅಂಗುಲದ ತೆರೆಯಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.28 ಮಿಲಿಮೀಟರ್. ಅರುವತ್ತು ಸೆಂಟಿಮೀಟರ್ ದೂರದಿಂದ ಒಳ್ಳೆಯ ಕಣ್ಣು 0.17 ಮಿಲಿಮೀಟರಿನಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲುದು. ಆದ್ದರಿಂದ ಅಲ್ಲಿ ಅಕ್ಷರದ ಅಂಚು ಒರಟಾಗಿ ಕಾಣುತ್ತದೆ. 3840 ಚುಕ್ಕಿಗಳ 27 ಅಂಗುಲದ ತೆರೆಯಲ್ಲಿ ಚುಕ್ಕಿ 0.16 ಮಿಲಿಮೀಟರಿಗೆ ಇಳಿಯುತ್ತದೆ, ಅಂಚು ನಯವಾಗುತ್ತದೆ. ರೋಮನ್ ಅಕ್ಷರಕ್ಕೆ ಒರಟು ತೆರೆ ಸಾಕಾದೀತು. ಕನ್ನಡಕ್ಕೆ ಸಾಲದು. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಒಂದು ಸಣ್ಣ ಸೀಳು. ‘ರಾಷ್ಟ್ರ’ದಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತು. ಆದರೆ ಚುಕ್ಕಿ ಕಿರಿದಾಯಿತೆಂದು ಅಕ್ಷರವನ್ನೂ ಕಿರಿದಾಗಿಸಬಾರದು. ಅದನ್ನು ಹಿಗ್ಗಿಸಿಕೊಂಡೇ ಓದಬೇಕು.

ಕೊಳ್ಳುವವರು ಮೊದಲು ತಮ್ಮ ಮೇಜಿನಲ್ಲಿ ಕಣ್ಣಿಗೂ ತೆರೆಗೂ ಇರುವ ದೂರವನ್ನು ಅಳೆದು ಕಣ್ಣಿನ ವೈದ್ಯರಿಗೆ ತಿಳಿಸಲಿ. ಆ ದೂರಕ್ಕೇ ಬೇರೆ ಕನ್ನಡಕ ದೊರೆಯುತ್ತದೆ. ತೆರೆಯ ಮೈ ಹೊಳಪಿಲ್ಲದ್ದಾಗಿರಲಿ, ಕಿಟಕಿಯ ಬೆಳಕು ಅದರಲ್ಲಿ ಪ್ರತಿಫಲಿಸದಿರಲಿ. ಅದರ ಕಾಲು ತಗ್ಗಿಸಲು ಬರುವಂತಿರಲಿ. ಬೈಫೋಕಲ್‌ನವರಿಗೆ ತೆರೆ ತಗ್ಗಿದಷ್ಟೂ ಕತ್ತಿಗೆ ಸುಖ.

ಅಂಗಡಿಯವರು ನನಗೆ ಬಣ್ಣಬಣ್ಣದ ಚಿತ್ರಗಳನ್ನು ತೋರಿಸಿದರು. ನಾನು ‘ಧನ’, ‘ದನ’ ಎಂಬೆರಡು ಶಬ್ದಗಳನ್ನು ಬರೆಸಿ, ನನ್ನ ಕನ್ನಡಕವನ್ನೇ ಹಾಕಿಕೊಂಡು, ಮನೆಯಷ್ಟೇ ದೂರದಲ್ಲಿ ಕುಳಿತು ನೋಡಿದೆ. ಎರಡೂ ನಿಚ್ಚಳವಾಗಿ ಬೇರೆಬೇರೆ ಕಂಡ ತೆರೆಯನ್ನು ಕೊಂಡು ತಂದೆ. ಧನ ಸ್ವಲ್ಪ ಹೆಚ್ಚೇ ಹೋಯಿತು. ಮಿತ್ರರ ಎರಡನೆಯ ಮುದ್ರಣದ ಕರಡು ಈಗ ಅದರ ಮೇಲಿದೆ.