ಬೆಕ್ಕಿಗೆ ಊಟ ಹಾಕುವ ತಟ್ಟೆ ಎಂಥದ್ದಿರಬೇಕು?



ಹೆತ್ತೂರು ಹೋಬಳಿಯಲ್ಲಿ ಬೆಕ್ಕಿಲ್ಲದ ಮನೆ ಹುಡುಕುವುದು ಕಷ್ಟ. ಭತ್ತ ಇಟ್ಟ ಕಡೆ ಇಲಿ ಬರುತ್ತೆ, ಇಲಿ ಬಂದ ಕಡೆ ಬೆಕ್ಕು ಬೇಕೇ ಬೇಕು. ಮಳೆಗಾಲದ ನಾಲ್ಕು ತಿಂಗಳು ಒಲೆ ಪಕ್ಕದಿಂದ ಅದು ಏಳೋದೇ ಇಲ್ಲ, ಆ ಮಾತು ಬೇರೆ. ಆದರೆ "ಬೆಕ್ಕಿಗೆ ಯಾವುದರಲ್ಲಿ ಊಟ ಹಾಕ್ತೀರಿ?" ಎಂದು ಸಂಘದ ಸಭೆಯಲ್ಲಿ ಕೇಳಿದರೆ ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಉತ್ತರ ಬರುತ್ತೆ. ಕರಟ. ತೂತು ಬಿದ್ದ ಅಲ್ಯೂಮಿನಿಯಂ ತಟ್ಟೆ. ಐಸ್‌ಕ್ರೀಂ ಡಬ್ಬಿ. ತೋಟಕ್ಕೆ ಹೊಡೆಯುವ ಔಷಧಿಯ ಕ್ಯಾನ್ ಅರ್ಧಕ್ಕೆ ಕುಯ್ದಿದ್ದು.

ಈ ಕೊನೆಯ ಉತ್ತರದಿಂದಲೇ ಶುರು ಮಾಡೋಣ, ಯಾಕಂದರೆ ಉಳಿದದ್ದೆಲ್ಲ ಒಳ್ಳೆಯದು, ಇನ್ನೂ ಒಳ್ಳೆಯದು ಎಂಬ ಪ್ರಶ್ನೆ. ಇದು ಮಾತ್ರ ಜೀವದ ಪ್ರಶ್ನೆ.

ಕಾಫಿ, ಮೆಣಸು, ಏಲಕ್ಕಿ ಇರುವ ಕಡೆ ಖಾಲಿ ಕ್ಯಾನುಗಳಿಗೆ ಬರವಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ಬಿಸಾಡಲು ಮನಸ್ಸು ಬರೋದಿಲ್ಲ. ನಾಲ್ಕು ಸಲ ತೊಳೆದರೆ ಸರಿಹೋಯಿತು ಎಂದು ಕೋಳಿಗೆ ನೀರಿಡಲು, ಬೆಕ್ಕಿಗೆ ಅನ್ನ ಹಾಕಲು, ಕೆಲವು ಲೈನ್ ಮನೆಗಳಲ್ಲಿ ಸೀಮೆಎಣ್ಣೆ ತುಂಬಿಡಲು ಸಹ ಇಟ್ಟುಕೊಳ್ಳುತ್ತಾರೆ. ಕೀಟನಾಶಕ ಪ್ಲಾಸ್ಟಿಕ್ಕಿನ ಒಳಮೈಗೆ ಹೀರಿಕೊಂಡಿರುತ್ತೆ. ಸೋಪು ಹಾಕಿ ಉಜ್ಜಿದರೂ ಪೂರ್ತಿ ಹೋಗೋದಿಲ್ಲ. ಅದರಲ್ಲೂ ಸಾರು, ಮೀನಿನ ನೀರು, ಎಣ್ಣೆ ಅಂಶ ಇರುವ ಒದ್ದೆ ಊಟ ಹಾಕಿದಾಗ ಒಳಗೆ ಉಳಿದದ್ದು ನಿಧಾನವಾಗಿ ಊಟಕ್ಕೆ ಇಳಿಯುತ್ತೆ. ಬೆಕ್ಕಿಗೆ ಇದರ ಅಪಾಯ ನಾಯಿಗಿಂತ ಹೆಚ್ಚು. ನಮ್ಮ ಪಿತ್ತಜನಕಾಂಗ ಕೆಲವು ವಿಷಗಳನ್ನು ಕರಗಿಸಿ ಹೊರಹಾಕುವ ಹಾಗೆ ಬೆಕ್ಕಿನದ್ದು ಮಾಡಲಾರದು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ನಾಯಿಗೆ ತಡೆದರೂ ಬೆಕ್ಕಿಗೆ ನಡುಕ, ಜೊಲ್ಲು, ಫಿಟ್ಸ್ ತರುವುದು ಇದೇ ಕಾರಣಕ್ಕೆ.

ಮತ್ತೂ ಒಂದು ಮಾತು. ಬೆಕ್ಕಿನ ತಟ್ಟೆಯ ಹತ್ತಿರ ಹೋಗುವುದು ಬೆಕ್ಕು ಒಂದೇ ಅಲ್ಲ. ಅಂಬೆಗಾಲಿಡುವ ಮಗು ಮೊದಲು ಹೋಗುವುದೇ ಅಲ್ಲಿಗೆ. ಕೈ ಹಾಕಿ, ಆ ಕೈ ಬಾಯಿಗೆ. ಆದ್ದರಿಂದ ಬೆಕ್ಕಿನ ಮೇಲೆ ಪ್ರೀತಿ ಇಲ್ಲದವರೂ ಈ ವಿಷಯ ಓದಬೇಕು. 1971ರ ಕೀಟನಾಶಕ ನಿಯಮಗಳಲ್ಲೇ ಸ್ಪಷ್ಟವಾಗಿ ಹೇಳಿದೆ: ಖಾಲಿಯಾದ ಡಬ್ಬಗಳನ್ನು ಮತ್ತೆ ಬಳಸುವ ಹಾಗೆ ಹೊರಗೆ ಬಿಡಬಾರದು, ಒಡೆದು ಮನೆಗಳಿಂದ ದೂರ ಹೂಳಬೇಕು. ಕೆರೆ, ಬಾವಿ, ಹಳ್ಳದ ಹತ್ತಿರ ಹೂಳಬೇಡಿ. ನಮ್ಮದು ಮಳೆ ಸೀಮೆ, ನೀರು ಎಲ್ಲಿಂದ ಎಲ್ಲಿಗೆ ಇಳಿಯುತ್ತೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಕಲಸಿದ ಮಗ್ಗು, ಬಕೆಟ್ಟಿಗೂ ಇದೇ ಮಾತು. ಅವು ತೋಟದ ಮನೆಯಲ್ಲೇ ಇರಲಿ, ಅಡಿಗೆಮನೆಗೆ ಬರುವುದು ಬೇಡ.

ಕರಟದ ವಿಚಾರ

ಕರಟ ನಮ್ಮದೇ ಮರದ್ದು, ಕಾಸಿಲ್ಲ, ವಿಷವಿಲ್ಲ. ಒಂದು ಹೊತ್ತು ಹಾಕಿ ಒಲೆಗೆ ಎಸೆಯುವುದಾದರೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನಾವು ಹಾಗೆ ಮಾಡೋದಿಲ್ಲ. ಅದೇ ಕರಟ ತಿಂಗಳುಗಟ್ಟಲೆ ಬಾಗಿಲ ಮೂಲೆಯಲ್ಲಿ ಕೂತಿರುತ್ತೆ. ಅದರ ಒಳಗಿನ ನಾರು, ಬಿರುಕುಗಳಲ್ಲಿ ಹಾಲು, ಮೀನಿನ ಜಿಡ್ಡು ಸೇರಿ ಹುಳಿವಾಸನೆ ಹಿಡಿಯುತ್ತೆ. ಮೇಲಾಗಿ ಅಡಿ ಗುಂಡಗಿರುವುದರಿಂದ ಬೆಕ್ಕು ಮೂತಿ ಹಾಕಿದ ಕೂಡಲೇ ಉರುಳುತ್ತೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಇಲಿ ಪಾಷಾಣವನ್ನು ನಾವು ಯಾವುದರಲ್ಲಿ ಇಡ್ತೀವಿ? ಕರಟದಲ್ಲೇ. ಅನ್ನಕ್ಕೋ, ಒಣಮೀನಿನ ಪುಡಿಗೋ ಕಲಸಿ ಅಟ್ಟದ ಮೇಲೆ, ಪಣತದ ಸಂದಿಯಲ್ಲಿ ಇಡ್ತೀವಿ. ಹುಟ್ಟಿದಾಗಿನಿಂದ ಕರಟದಲ್ಲಿ ಅನ್ನ, ಮೀನು ತಿಂದ ಬೆಕ್ಕಿಗೆ ಕರಟ ಎಂದರೆ ಊಟ. ಅದು ಹೋಗಿ ತಿಂದರೆ ತಪ್ಪು ಅದರದ್ದಲ್ಲ. ಕಪ್ಪು ಪುಡಿಯ ಪಾಷಾಣ, ಅಂದರೆ ಜಿಂಕ್ ಫಾಸ್ಫೈಡ್, ಹೊಟ್ಟೆಯ ಆಮ್ಲ ತಗುಲಿದಾಗ ವಿಷಗಾಳಿ ಬಿಡುತ್ತೆ. ಅದಕ್ಕೆ ಪ್ರತಿವಿಷ ಇಲ್ಲ. ಬ್ರೋಮಾಡಿಯೊಲೋನ್ ಬಿಲ್ಲೆಗಳು ಬೇರೆ ಥರ. ತಿಂದ ಇಲಿ ಕೂಡಲೇ ಸಾಯೋದಿಲ್ಲ, ಮೂರು ನಾಲ್ಕು ದಿನ ತೂಗಾಡಿಕೊಂಡು ಓಡಾಡುತ್ತೆ, ಅಂಥ ಇಲಿಯೇ ಬೆಕ್ಕಿಗೆ ಸುಲಭವಾಗಿ ಸಿಗೋದು. ಬೆಕ್ಕಿಗೂ ಒಳಗೊಳಗೆ ರಕ್ತ ಸೋರುತ್ತೆ. ಇದಕ್ಕೆ ವಿಟಮಿನ್ ಕೆ ಚಿಕಿತ್ಸೆ ಇದೆ, ಬೇಗ ಪಶುವೈದ್ಯರ ಹತ್ತಿರ ಹೋದರೆ ಬದುಕಬಹುದು. ಪಾಷಾಣದ ಪೊಟ್ಟಣದ ಕಾಗದ ತಗೊಂಡೇ ಹೋಗಿ, ಯಾವ ವಿಷ ಎಂದು ಅವರಿಗೆ ತಿಳಿಯಬೇಕಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಬೆಕ್ಕಿಗೆ ಕರಟದ ಅಭ್ಯಾಸ ಮಾಡಿಸಲೇಬೇಡಿ. ಅದಕ್ಕೆಂದೇ ಒಂದು ಬೇರೆ ತಟ್ಟೆ, ಒಂದೇ ಜಾಗ. ಬೆಕ್ಕು ಸಾಕುವ ಮನೆಯಲ್ಲಿ ಪಾಷಾಣ ಇಡುವುದೇ ಬೇಡ, ಬೋನು ಇಡಿ ಎನ್ನುವುದು ಇನ್ನೂ ಒಳ್ಳೆಯ ಮಾತು.

ತಟ್ಟೆಯ ಆಕಾರ ಯಾಕೆ ಮುಖ್ಯ

ಬೆಕ್ಕಿನ ಕಣ್ಣು ಚುರುಕು ಎಂದು ಎಲ್ಲರಿಗೂ ಗೊತ್ತು. ಆದರೆ ಮೂತಿಯಿಂದ ಸುಮಾರು ಒಂದು ಗೇಣಿನ ಒಳಗೆ ಇರುವುದು ಅದಕ್ಕೆ ಸ್ಪಷ್ಟವಾಗಿ ಕಾಣೋದಿಲ್ಲ. ಬಾಯಿ ಹತ್ತಿರ ಬಂದದ್ದನ್ನು ಅದು ವಾಸನೆಯಿಂದ, ಮೀಸೆಯಿಂದ ತಿಳಿಯುತ್ತೆ. ಒಂದೊಂದು ಬದಿಗೆ ಸುಮಾರು 12 ಉದ್ದ ಮೀಸೆ ಇರುತ್ತವೆ, ಅವುಗಳ ಬುಡದಲ್ಲಿ ನರಗಳು ತುಂಬಿವೆ. ಆಳವಾದ ಲೋಟ, ಕಿರಿದಾದ ಬಟ್ಟಲು ಇಟ್ಟರೆ ಮೀಸೆ ಎರಡೂ ಕಡೆ ಅಂಚಿಗೆ ತಾಗುತ್ತಲೇ ಇರುತ್ತೆ. ಕೆಲವು ಬೆಕ್ಕುಗಳು ಕೈಯಿಂದ ಅನ್ನ ಎಳೆದು ನೆಲದ ಮೇಲೆ ಹಾಕಿಕೊಂಡು ತಿನ್ನುವುದನ್ನು ನೀವೂ ನೋಡಿರಬಹುದು. "ಎಂಥ ಕೊಳಕು ಬೆಕ್ಕು" ಎಂದು ಬೈಯುವ ಮುಂಚೆ ತಟ್ಟೆ ನೋಡಿ.

ಇದನ್ನು ದೊಡ್ಡ ಕಾಯಿಲೆ ಮಾಡಿ ಹೇಳುವವರೂ ಇದ್ದಾರೆ, ಅಷ್ಟು ದೂರ ಹೋಗುವುದು ಬೇಡ. ಹೊರದೇಶದಲ್ಲಿ ಪಶುವೈದ್ಯರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಅಗಲದ ತಟ್ಟೆ ಇಟ್ಟ ಮಾತ್ರಕ್ಕೆ ಬೆಕ್ಕು ಹೆಚ್ಚು ತಿನ್ನಲಿಲ್ಲ. ಆದರೆ ಎರಡನ್ನೂ ಮುಂದಿಟ್ಟಾಗ ಹೆಚ್ಚಿನವು ಅಗಲದ್ದನ್ನೇ ಆರಿಸಿಕೊಂಡವು. ಖರ್ಚಿಲ್ಲದೆ ಆಗುವ ಅನುಕೂಲ ಮಾಡಿಕೊಡಲು ಇಷ್ಟು ಸಾಕಲ್ಲವೇ? ಐದಾರು ಇಂಚು ಅಗಲ, ಒಂದು ಇಂಚು ಎತ್ತರದ ಅಂಚು, ಸಮತಟ್ಟಾದ ಅಡಿ. ಮರಿಗಳಿಗೆ ಅಂಚು ಇನ್ನೂ ಕಡಿಮೆ ಇರಲಿ, ಸ್ಟೀಲ್ ಡಬ್ಬಿಯ ಮುಚ್ಚಳ ಸರಿಯಾಗುತ್ತೆ. ಸಣ್ಣ ಬಾಯಿಯ ತಗಡಿನ ಡಬ್ಬ ಮಾತ್ರ ಬೇಡವೇ ಬೇಡ. ತಲೆ ಸಿಕ್ಕಿಸಿಕೊಂಡು ಒದ್ದಾಡುವುದುಂಟು, ತಗಡಿನ ಅಂಚಿಗೆ ನಾಲಿಗೆ ಕುಯ್ಯುವುದೂ ಉಂಟು.

ಹಾಗಾದರೆ ಯಾವುದು?

ನಿಮ್ಮ ಮನೆಯಲ್ಲೇ ಇದೆ. ಕಪ್ಪು ಸಾಸರ್ ಸೆಟ್ಟಿನಲ್ಲಿ ಒಡೆಯೋದು ಯಾವಾಗಲೂ ಕಪ್ಪೇ, ಸಾಸರ್ ಉಳಿದುಬಿಡುತ್ತೆ. ನಾಲ್ಕೈದು ಜೋಡಿಯಿಲ್ಲದ ಸಾಸರ್ ಇಲ್ಲದ ಅಡಿಗೆಮನೆ ನಾನಂತೂ ಕಂಡಿಲ್ಲ. ಪಿಂಗಾಣಿ ಸಾಸರ್ ನುಣುಪು, ಜಿಡ್ಡು ಹೀರುವುದಿಲ್ಲ, ಭಾರ ಇರುವುದರಿಂದ ಜಾರುವುದು ಕಡಿಮೆ, ಅಳತೆಯೂ ಬೆಕ್ಕಿನ ಮುಖಕ್ಕೆ ಹೇಳಿ ಮಾಡಿಸಿದ ಹಾಗೆ. ಬಿರುಕು ಬಿಟ್ಟಿದ್ದರೆ, ಮೇಲಿನ ಹೊಳಪು ಎದ್ದಿದ್ದರೆ ಬೇಡ.

ಸ್ಟೀಲ್ ತಟ್ಟೆಯೂ ಒಳ್ಳೆಯದೇ. ಬೀಳುತ್ತೆ, ಒಡೆಯೋದಿಲ್ಲ, ಬಿಸಿನೀರಲ್ಲಿ ತೊಳೆಯಬಹುದು. ಹಗುರ ಇರುವುದರಿಂದ ಬೆಕ್ಕು ನೆಕ್ಕುತ್ತಾ ನೆಕ್ಕುತ್ತಾ ಇಡೀ ಜಗಲಿ ಸುತ್ತುತ್ತೆ. ಕೆಳಗೆ ಒದ್ದೆ ಗೋಣಿ ತುಂಡು ಹಾಕಿದರೆ ನಿಲ್ಲುತ್ತೆ. ಮನೆಯವರ ತಟ್ಟೆಗಳ ಜೊತೆ ಸೇರಿಹೋಗದ ಹಾಗೆ ತಳಕ್ಕೆ ಒಂದು ಚುಕ್ಕೆ ಬಣ್ಣ ಹಚ್ಚಿಡಿ.

ಕೆಲವು ಹಳೇ ಮನೆಗಳಲ್ಲಿ ಬಳಪದ ಕಲ್ಲಿನ ಮರಿಗೆ ಇರುತ್ತೆ. ಉಪ್ಪಿನಕಾಯಿಗೆ, ಹುಳಿಗೆ ಇಡುತ್ತಿದ್ದದ್ದು, ಈಗ ಯಾರೂ ಮುಟ್ಟುವುದಿಲ್ಲ. ನಮ್ಮದೇ ಜಿಲ್ಲೆಯ ಬೇಲೂರು, ಹಳೇಬೀಡಿನ ಗುಡಿಗಳನ್ನು ಕೆತ್ತಿದ್ದು ಇದೇ ಜಾತಿಯ ಕಲ್ಲಿನಲ್ಲಿ. 2023ರಲ್ಲಿ ಅವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಣ್ಣ, ಆಳವಿಲ್ಲದ ಕಲ್ಲಿನ ಬಟ್ಟಲು ಇದ್ದರೆ ಬೆಕ್ಕಿಗೆ ಅಲುಗಾಡದ ತಟ್ಟೆಯಾಗುತ್ತೆ. ಆದರೆ ಅಜ್ಜಿ ಕಾಲದ ಮರಿಗೆಯನ್ನು ಬೆಕ್ಕಿಗೆ ಕೊಟ್ಟರು ಎಂದು ಅತ್ತೆ ಮನೆಯಲ್ಲಿ ಜಗಳವಾದರೆ ನನ್ನ ಹೆಸರು ಹೇಳಬೇಡಿ.

ಹೊಳಪಿಲ್ಲದ ಮಣ್ಣಿನ ಬೋಗುಣಿ ಜಿಡ್ಡು ಕುಡಿಯುತ್ತೆ, ನೀರಿಡಲು ಮಾತ್ರ ಬಳಸಿ. ಕಲಾಯಿ ಹೋದ ಹಿತ್ತಾಳೆ, ತಾಮ್ರದಲ್ಲಿ ಮಜ್ಜಿಗೆ ಅನ್ನ, ಸಾರು ಹಾಕಿದರೆ ಕಿಲುಬು ಬರುತ್ತೆ, ಅದು ವಿಷ. ಹಳೇ ಅಲ್ಯೂಮಿನಿಯಂ ಹುಳಿ, ಉಪ್ಪಿಗೆ ಗುಳಿ ಬೀಳುತ್ತೆ, ಗುಳಿಯಲ್ಲಿ ಕೊಳೆ ನಿಲ್ಲುತ್ತೆ. ಪ್ಲಾಸ್ಟಿಕ್ ಡಬ್ಬಿಯೂ ಹಾಗೇ. ಬೆಕ್ಕಿನ ನಾಲಿಗೆ ಅರದ ಹಾಗೆ ಒರಟು, ನಾವು ಉಜ್ಜುವ ನಾರೂ ಒರಟು. ಗೀಚಿದ ಗೆರೆಗಳಲ್ಲಿ ರೋಗಾಣು ಕೂರುತ್ತವೆ. ಕೆಲವು ಬೆಕ್ಕುಗಳ ಗದ್ದದಲ್ಲಿ ಕಪ್ಪು ಚುಕ್ಕೆ, ಕೀವಿನ ಗುಳ್ಳೆ ಬರುವುದಕ್ಕೆ ಪ್ಲಾಸ್ಟಿಕ್ ತಟ್ಟೆ ಒಂದು ಕಾರಣ ಇರಬಹುದು ಎಂದು ಪಶುವೈದ್ಯರು ಅದನ್ನು ಬದಲಾಯಿಸಲು ಹೇಳುತ್ತಾರೆ. ಎಲ್ಲ ಬೆಕ್ಕಿಗೂ ಹೀಗಾಗೋದಿಲ್ಲ, ಆದರೂ ಸಾಸರ್ ಇರುವಾಗ ಡಬ್ಬಿ ಯಾಕೆ?

ಬಾಳೆಎಲೆ ತುಂಡು, ಅಡಿಕೆ ಹಾಳೆ ಎರಡೂ ಒಂದು ಹೊತ್ತಿಗೆ ಬಹಳ ಚೆನ್ನ. ಹಾಳೆ ತಟ್ಟೆ ಮಾಡುವ ಸಂಘಗಳಲ್ಲಿ ಅಂಚು ಹರಿದ ತಟ್ಟೆ ಉಳಿಯುತ್ತವೆ, ಅವನ್ನು ಬಳಸಿ ಗೊಬ್ಬರದ ಗುಂಡಿಗೆ ಹಾಕಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಾಳೆ ಮಾತ್ರ ಬೇಡ.

ಒದ್ದೆ ಊಟ ಎಷ್ಟು ಹೊತ್ತು ಇಡಬಹುದು

ಮೀನು ಕಲಸಿದ ಅನ್ನ ಇಟ್ಟು ಮರೆತರೆ ಎಂಥ ಒಳ್ಳೇ ತಟ್ಟೆಯೂ ಪ್ರಯೋಜನವಿಲ್ಲ. ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ತಿನ್ನದಿದ್ದರೆ ತೆಗೆದುಬಿಡಿ. ಅಂಗಡಿಯಲ್ಲಿ ಸಿಗುವ 80-85 ಗ್ರಾಂನ ಒದ್ದೆ ಊಟದ ಪ್ಯಾಕೆಟ್ಟಿಗೂ ಇದೇ ಲೆಕ್ಕ. ಒಡೆದ ಪ್ಯಾಕೆಟ್ಟನ್ನು ಫ್ರಿಜ್ಜಿನಲ್ಲಿ ಇಡಿ ಎಂದು ಬರೆದಿರುತ್ತೆ, ಆದರೆ ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಇದ್ದರೆ ತಾನೇ! ಬೇಕಾದಷ್ಟೇ, ಸ್ವಲ್ಪ ಸ್ವಲ್ಪ ಹಾಕುವುದೇ ನಮಗೆ ಸರಿ. ಹಾಕುವಾಗ ಕೈಗೆ ಉಗುರುಬೆಚ್ಚಗೆ ಇರಲಿ, ತಣ್ಣಗಾದ ಊಟದ ವಾಸನೆ ಬೆಕ್ಕಿಗೆ ಹತ್ತುವುದಿಲ್ಲ.

ರಾತ್ರಿ ಜಗಲಿಯಲ್ಲಿ ತಟ್ಟೆ ಬಿಟ್ಟರೆ ಉಳಿದದ್ದನ್ನು ತಿನ್ನಲು ಬರುವವರು ಯಾರು? ಇಲಿ. ಇಲಿ ಹಿಡಿಯಲು ಬೆಕ್ಕು ಸಾಕಿ, ಬೆಕ್ಕಿನ ತಟ್ಟೆಯಲ್ಲಿ ಇಲಿ ಸಾಕಿದ ಹಾಗಾಯಿತು. ಇಲಿ ಮೂತ್ರದಿಂದ ಇಲಿಜ್ವರ, ಅಂದರೆ ಲೆಪ್ಟೋಸ್ಪೈರೋಸಿಸ್, ಮನುಷ್ಯರಿಗೆ ಬರುತ್ತೆ. ಗದ್ದೆ ಕೆಲಸಕ್ಕೆ ಇಳಿಯುವ, ಕಾಲಲ್ಲಿ ಗಾಯ ಇರುವ ಹೆಂಗಸರು ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ಸಿಗುತ್ತಾರೆ. ಮಲಗುವ ಮುಂಚೆ ತಟ್ಟೆ ಒಳಗೆ ಬರಲಿ. ಹಗಲಲ್ಲಿ ಇರುವೆ ಕಾಟ ಇದ್ದರೆ ದೊಡ್ಡ ತಟ್ಟೆಯಲ್ಲಿ ನೀರು ಹಾಕಿ ನಡುವೆ ಸಾಸರ್ ಇಡಿ.

ತೊಳೆಯಲು ಬೂದಿ ಅಥವಾ ಪಾತ್ರೆ ಸೋಪು, ಬೇರೆಯೇ ಒಂದು ನಾರು, ಕೊನೆಗೆ ಬಿಸಿನೀರು, ಬಿಸಿಲಿದ್ದರೆ ಬಿಸಿಲು. ಫಿನೈಲ್ ಹಾಕಬೇಡಿ. ಮೇಲೆ ಹೇಳಿದ ಪಿತ್ತಜನಕಾಂಗದ ಕಾರಣಕ್ಕೇ ಫಿನೈಲ್ ಬೆಕ್ಕಿಗೆ ವಿಷ. ತಟ್ಟೆ ತೊಳೆದ ಕೈಗೂ ಸೋಪು ಹಾಕಿ. ಬಸುರಿಯರು ಬೆಕ್ಕಿನ ಹೇಲು ಬಳಿಯುವ ಕೆಲಸ ಬೇರೆಯವರಿಗೆ ಬಿಡಿ, ಅದರಿಂದ ಬರುವ ಟೊಕ್ಸೊಪ್ಲಾಸ್ಮಾ ಸೋಂಕು ಹೊಟ್ಟೆಯ ಮಗುವಿಗೆ ತಗುಲಬಹುದು. ತಟ್ಟೆ ತೊಳೆಯುವುದರಿಂದ ಅಂಥ ಭಯವಿಲ್ಲ.

ತಟ್ಟೆಗೆ ಏನು ಹಾಕಬೇಕು ಎಂಬುದು ಬೇರೆಯೇ ಪಾಠ, ಎರಡು ಮಾತು ಮಾತ್ರ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೇಡ, ಅದು ಬೆಕ್ಕಿನ ರಕ್ತ ಕೆಡಿಸುತ್ತೆ. ಬರೀ ಹಾಲು ಅನ್ನದಲ್ಲಿ ಬೆಕ್ಕು ಬದುಕಲಾರದು. ಮೀನು, ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣು ಹೋಗುತ್ತೆ ಎಂದು 1975ರಲ್ಲೂ, ಹೃದಯ ಸೋಲುತ್ತೆ ಎಂದು 1987ರಲ್ಲೂ ವಿಜ್ಞಾನಿಗಳು ಕಂಡುಹಿಡಿದರು. ಘಾಟಿ ಹತ್ತಿ ಬರುವ ಬೂತಾಯಿಯ ತಲೆ ನಾವು ಹೇಗೂ ಬಿಸಾಡ್ತೀವಿ, ಬೇಯಿಸಿ ಮುಳ್ಳು ತೆಗೆದು ಹಾಕಿ. ಒಣಮೀನಾದರೆ ಉಪ್ಪು ಬಿಡುವ ತನಕ ನೆನೆಸಿಡಿ.

ಎರಡು ಬೆಕ್ಕಿದ್ದರೆ ಎರಡು ಸಾಸರ್, ದೂರ ದೂರ ಇಡಿ. ತಿನ್ನುವಾಗ ತಟ್ಟೆ ಎಳೆಯಬಾರದೆಂದು ಮಕ್ಕಳಿಗೆ ಹೇಳಿಕೊಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅರಿಶಿನ ಮೆತ್ತದೆ, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹುಚ್ಚುರೋಗ ನಾಯಿಯಿಂದ ಮಾತ್ರ ಅಲ್ಲ, ಬೆಕ್ಕಿನಿಂದಲೂ ಬರುತ್ತೆ, ಬಂದ ಮೇಲೆ ಔಷಧಿ ಇಲ್ಲ. ಚುಚ್ಚುಮದ್ದನ್ನು ಎಷ್ಟು ಸಲ ಹೇಳಿದ್ದಾರೋ ಅಷ್ಟೂ ಸಲ ಹಾಕಿಸಿ.